ಕರೆಂಟ್ ಇಡುವುದಷ್ಟೇ ಫಿಸಿಯೋಥೆರಪಿಯಲ್ಲ

ಫಿಸಿಯೋಥೆರಪಿ ಎಂದರೆ ನಮ್ಮಲ್ಲಿ ಇನ್ನೂ ‘ಕರೆಂಟ್ ಇಡಿಸಿಕೊಂಡು ಬರುವುದು’. ಮೆಷಿನ್ ಹಚ್ಚಿ ಸ್ವಲ್ಪ ಹೊತ್ತು ಮಲಗಿಸಿ ಕಳಿಸಿದರೆ ರೋಗಿಗೂ ಸಮಾಧಾನ. ಅದು ನೋವನ್ನು ಒಂದಷ್ಟು ಹೊತ್ತು ತಗ್ಗಿಸೀತು. ಸ್ನಾಯುವಿಗೆ ಬಲ ಬರಬೇಕಾದರೆ ರೋಗಿಯೇ ಕೈಕಾಲು ಆಡಿಸಬೇಕು. ನೋವಿನಲ್ಲಿರುವವರಿಂದ ಅದನ್ನು ಮಾಡಿಸುವುದೇ ಫಿಸಿಯೋಥೆರಪಿಸ್ಟರ ಅಸಲಿ ಕೆಲಸ.

ಮಂಡಿಕೀಲು ಬದಲಿಸಿದವರನ್ನು ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ‘ಇಷ್ಟು ಬೇಗನಾ? ಹೊಲಿಗೆ ಬಿಚ್ಚಿಕೊಂಡರೆ?’ ಎಂದು ಮನೆಯವರಿಗೆ ಗಾಬರಿ. ಆದರೆ ಮಲಗಿದಷ್ಟೂ ಕೀಲು ಬಿಗಿಯುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಮಂಡಿ ಎಷ್ಟು ಮಡಚುತ್ತಿದೆ ಎಂಬುದನ್ನು ಗೋನಿಯೋಮೀಟರಿನಲ್ಲಿ ಅಳೆದು ಬರೆದಿಡುತ್ತಾರೆ. ಸಮತಟ್ಟು ನೆಲದ ಮೇಲೆ ನಡೆಯಲು 60ರಿಂದ 70 ಡಿಗ್ರಿ ಸಾಕು. ಕುರ್ಚಿಯಿಂದ ಸಲೀಸಾಗಿ ಏಳಲು 90ನ್ನು ದಾಟಬೇಕು. ಜೊತೆಗೆ ಮನೆಯಲ್ಲಿ ಮೆಟ್ಟಿಲೆಷ್ಟು, ಕಕ್ಕಸು ಯಾವ ಬಗೆಯದು, ಬಚ್ಚಲು ಜಾರುತ್ತದೆಯೇ ಎಂದೂ ವಿಚಾರಿಸಬೇಕು. ಇದನ್ನು ಕೇಳದೆ ವ್ಯಾಯಾಮದ ಚೀಟಿ ಕೊಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ಲಕ್ವ ಹೊಡೆದವರ ವಿಷಯದಲ್ಲಿ ಈ ಹೊಣೆ ಇನ್ನೂ ದೊಡ್ಡದು, ತಿಂಗಳುಗಟ್ಟಲೆಯದು. ಸ್ವಾಧೀನ ತಪ್ಪಿದ ಕೈಯನ್ನೇ ಹಿಡಿದೆಳೆದು ಕೂರಿಸುವ ಮನೆಗಳು ಬಹಳ. ಹಿಡಿತ ಸಡಿಲವಾದ ಭುಜದ ಕೀಲು ಅದರಿಂದ ಜಾರಬಹುದು, ನೋವು ಕಾಯಂ ಆಗಬಹುದು. ಹಾಗಾಗಿ ರೋಗಿಯನ್ನು ಮುಟ್ಟುವ ಮೊದಲೇ ಮಗನಿಗೆ, ಸೊಸೆಗೆ ಕಲಿಸಬೇಕು: ಕೈ ಎಳೆಯಬೇಡಿ, ಬೆನ್ನಿಗೆ ಸೊಂಟಕ್ಕೆ ಆಸರೆ ಕೊಡಿ. ಮಿದುಳಿನ ಒಂದು ಭಾಗ ಸತ್ತರೂ ಉಳಿದ ಭಾಗ ಹೊಸದಾಗಿ ಕಲಿಯಬಲ್ಲದು. ಆದರೆ ಒಂದೇ ಚಲನೆಯನ್ನು ನೂರಾರು ಸಲ ಮಾಡಿದರಷ್ಟೇ ಆ ಕಲಿಕೆ ಗಟ್ಟಿಯಾಗುತ್ತದೆ. ಲೋಟ ಹಿಡಿಯಲು ತಡಕಾಡುವ ಅಪ್ಪನನ್ನು ನೋಡಲಾಗದೆ ಮಗಳು ತಾನೇ ಕುಡಿಸುತ್ತಾಳೆ. ಆ ಪ್ರೀತಿಯನ್ನು ನೋಯಿಸದೆ ತಡೆಯುವುದು ಯಾವ ವ್ಯಾಯಾಮಕ್ಕಿಂತಲೂ ನಾಜೂಕಿನದು.

ಐಸಿಯುನಲ್ಲಿ ಎದೆಯ ಕಫ ಹೊರತರಿಸುವುದೂ ಫಿಸಿಯೋಥೆರಪಿಸ್ಟರೇ. ಯಾವಾಗ ಕೈ ಹಚ್ಚಬಾರದು ಎಂಬ ತಿಳಿವಳಿಕೆಯೂ ಬೇಕು. ಮೀನಖಂಡ ಊದಿ ಬಿಸಿಯಾಗಿದ್ದರೆ, ಸೊಂಟನೋವಿನೊಂದಿಗೆ ಮೂತ್ರದ ಹತೋಟಿ ತಪ್ಪಿದ್ದರೆ ತಿಕ್ಕುತ್ತಾ ಕೂರದೆ ತಕ್ಷಣ ವೈದ್ಯರ ಬಳಿಗೆ ಕಳಿಸಬೇಕು. ಪದವಿ ಓದಿದ ಫಿಸಿಯೋಗೂ ಮಾಲೀಸು ಮಾಡುವವರಿಗೂ ವ್ಯತ್ಯಾಸ ಕಾಣುವುದು ಇಲ್ಲೇ. ಈ ವೃತ್ತಿಯನ್ನೂ ಒಳಗೊಂಡ ರಾಷ್ಟ್ರೀಯ ಕಾಯ್ದೆ ಬಂದದ್ದು 2021ರಲ್ಲಷ್ಟೇ.

ಕೂಲಿ ಬಿಟ್ಟು, ಲಕ್ವದ ರೋಗಿಯನ್ನು ಬಸ್ಸಿಗೆ ಹತ್ತಿಸಿಕೊಂಡು ದಿನವೂ ಪಟ್ಟಣಕ್ಕೆ ಬರುವುದು ಎಷ್ಟು ಕುಟುಂಬಗಳಿಗೆ ಸಾಧ್ಯ? ಅದನ್ನು ಬಲ್ಲ ಫಿಸಿಯೋ ಹತ್ತು ವ್ಯಾಯಾಮಗಳ ಬದಲು ಮೂರನ್ನೇ ಹೇಳಿ, ಮನೆಯವರ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ ಕಳಿಸುತ್ತಾರೆ. ಅಷ್ಟು ಸಾಲದು. ಪ್ರತಿ ತಾಲ್ಲೂಕಿನಲ್ಲೂ ರೋಗಿಯ ಮನೆಗೇ ಹೋಗಿ ನೋಡುವ ಫಿಸಿಯೋಗಳು ಬೇಕು. ನಡುವಿನ ದಿನಗಳಲ್ಲಿ ವಿಚಾರಿಸಿಕೊಳ್ಳಲು ಆಶಾ ಕಾರ್ಯಕರ್ತೆಯರಿಗೆ ತರಬೇತಿಯನ್ನೂ, ಅದಕ್ಕೆ ತಕ್ಕ ಸಂಭಾವನೆಯನ್ನೂ ಸರ್ಕಾರ ಕೊಡಬೇಕು.