ಮದ್ದು ಕೊಡುವವರ ವಿದ್ಯೆ

ನಮ್ಮ ಕೀಲ್ಪಾಕಿನಲ್ಲಿ 1960ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಅಲ್ಲಿಯ ಆಸ್ಪತ್ರೆಗೆ ಬರುವ ರೋಗಿಗಳನ್ನು ನೀವೆಲ್ಲರೂ ಕಂಡಿರುವಿರಿ. ವೈದ್ಯರು ಚೀಟಿ ಬರೆದುಕೊಟ್ಟೊಡನೆ ಚಿಕಿತ್ಸೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದರ ಅರ್ಧಭಾಗ ಮಾತ್ರ ಮುಗಿದಿರುತ್ತದೆ. ಉಳಿದರ್ಧವು ಔಷಧದಂಗಡಿಯಲ್ಲಿ ಆರಂಭವಾಗಿ ರೋಗಿಯ ಮನೆಯಲ್ಲಿ ಕೊನೆಗೊಳ್ಳುತ್ತದೆ.

ಕೆಲವು ವರ್ಷಗಳ ಹಿಂದೆ ಊರಿನಿಂದ ಬಂದಿದ್ದ ನನ್ನ ತಾಯಿಯವರು ಮಂಡಿನೋವಿನ ಮಾತ್ರೆಗಳನ್ನು ತರಲು ಒಬ್ಬರೇ ಹೋದರು. ಅಂಗಡಿಯವನು ತಮಿಳಿನಲ್ಲಿ ‘ಸಾಪ್ಪಾಟ್ಟುಕ್ಕು ಪಿನ್ನಾಡಿ’ ಎಂದನಂತೆ. ತಮಿಳಿನ ‘ಪಿನ್’ ಎಂಬುದೂ ನಮ್ಮ ‘ಹಿನ್’ ಎಂಬುದೂ ಒಂದೇ ಮೂಲದ ಶಬ್ದಗಳು. ಆದರೆ ಕಾಲವನ್ನು ಹೇಳುವಾಗ ‘ಪಿನ್’ ಎಂದರೆ ಆಮೇಲೆ, ನಮ್ಮ ‘ಹಿಂದೆ’ ಎಂದರೆ ಮೊದಲು! ತಾಯಿಯವರು ಎರಡು ದಿನ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ, ಹೊಟ್ಟೆಯುರಿಯಿಂದ ನರಳಿದರು. ಮದ್ದು ಸರಿಯಾದುದೇ ಆಗಿದ್ದಿತು, ಮಾತು ತಲುಪಿರಲಿಲ್ಲ. ಜೊತೆಗೆ ಹೋಗದಿದ್ದುದು ನನ್ನ ತಪ್ಪು.

ಇಂತಹ ಕೇಡನ್ನು ತಡೆಯುವುದೇ ಔಷಧಶಾಸ್ತ್ರದ ವಿದ್ಯಾರ್ಥಿಗಳಿಗೆ ಈಗ ಕೊಡುವ ಶಿಕ್ಷಣದ ಒಂದು ಮುಖ್ಯ ಉದ್ದೇಶ. 1948ರ ಫಾರ್ಮಸಿ ಕಾಯಿದೆಯು ಈ ವೃತ್ತಿಗೆ ಕಟ್ಟುಪಾಡು ವಿಧಿಸಿತು. ಡಿಪ್ಲೊಮಾ ವಿದ್ಯಾರ್ಥಿಗಳು ಎರಡು ವರ್ಷದ ಪಾಠವಾದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಪಡೆಯಬೇಕು. ಮೈಸೂರು ಮತ್ತು ಉದಕಮಂಡಲದ ಜೆ.ಎಸ್.ಎಸ್. ಕಾಲೇಜುಗಳಲ್ಲಿ 1990ರ ದಶಕದಲ್ಲಿಯೇ ರೋಗಿಸೇವೆಗೆ ಸಂಬಂಧಿಸಿದ ಉನ್ನತ ವ್ಯಾಸಂಗ ಆರಂಭವಾಯಿತು. 2008ರಲ್ಲಿ ಆರು ವರ್ಷದ ಫಾರ್ಮ್.ಡಿ. ಶಿಕ್ಷಣವು ಜಾರಿಗೆ ಬಂದಿತು. ಅದರ ಕೊನೆಯ ವರ್ಷವೆಲ್ಲ ತರಬೇತಿಯೇ. ಮದ್ದಿನ ಪ್ರಮಾಣ, ವೇಳೆ, ಅಡ್ಡಪರಿಣಾಮ, ಇಡುವ ಬಗೆ, ಒಂದು ಹೊತ್ತು ಮರೆತರೆ ಮಾಡತಕ್ಕದ್ದು, ಇವನ್ನು ರೋಗಿಗೆ ತಿಳಿಸಬೇಕೆಂದು 2015ರ ನಿಯಮಗಳು ಹೇಳುತ್ತವೆ.

ಆದರೆ ಹೇಳಿದರಷ್ಟೇ ಸಾಲದು. ‘ತಿಳಿಯಿತೇ?’ ಎಂದರೆ ಸಂಕೋಚದಿಂದ ಎಲ್ಲರೂ ತಲೆಯಾಡಿಸುವರು. ಆದುದರಿಂದ ‘ಮನೆಯಲ್ಲಿ ಹೇಗೆ ತೆಗೆದುಕೊಳ್ಳುವಿರಿ, ಹೇಳಿ’ ಎಂದು ರೋಗಿಯ ಬಾಯಿಂದಲೇ ಹೇಳಿಸುವ ಕ್ರಮವನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡಬೇಕು. ಓದು ಬಾರದವರಿಗೆ ಸೂರ್ಯ, ಚಂದ್ರರ ಚಿತ್ರ ಬರೆದು ಹಗಲಿರುಳುಗಳನ್ನು ಸೂಚಿಸಬಹುದು. ವಾರಕ್ಕೊಮ್ಮೆ ನುಂಗತಕ್ಕ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವುಂಟು. ಒಂದು ಮಾತಿನ ಬೆಲೆ ಅಷ್ಟು ದೊಡ್ಡದು.

ಬಾಲಕ ಬಾಲಕಿಯರೇ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡನ್ನೂ ಬಲ್ಲವರು ನೀವು. ಅಜ್ಜ ಅಜ್ಜಿಯರು ಮದ್ದು ತರುವಾಗ ಜೊತೆಗೆ ಹೋಗಿರಿ. ಕೇಳಿದುದನ್ನು ಅಂಗಡಿಯವರ ಮುಂದೆಯೇ ಮತ್ತೊಮ್ಮೆ ಹೇಳಿ, ಸರಿಯೆಂದು ಖಚಿತಪಡಿಸಿಕೊಂಡು, ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆದಿಡಿರಿ. ನಿಮ್ಮಲ್ಲಿ ಕೆಲವರು ಮುಂದೆ ಈ ವಿದ್ಯೆಯನ್ನೇ ಕಲಿತು, ನಮ್ಮವರಿಗೆ ನಮ್ಮ ನುಡಿಯಲ್ಲಿಯೇ ಮದ್ದು ಕೊಡುವಂತಾದರೆ ನನಗೆ ಸಂತೋಷ.