ಹಿಂಗಾರಿನ ಕೈತೋಟ: ಹಳೆಯದನ್ನು ಕಿತ್ತು ಹೊಸದನ್ನು ನೆಡುವ ಕ್ರಮ

ದಿನನಿತ್ಯದ ಆಹಾರದಲ್ಲಿ ತರಕಾರಿ ಮತ್ತು ಸೊಪ್ಪುಗಳಿಗೆ ಮಹತ್ವದ ಸ್ಥಾನವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ ಸುಮಾರು 400 ಗ್ರಾಂ ತರಕಾರಿ ಬೇಕು. ಐದು ಜನರ ಸಂಸಾರಕ್ಕೆ ಇದು ದಿನಕ್ಕೆ ಎರಡು ಕಿಲೋ ಆಗುತ್ತದೆ. ಇಷ್ಟನ್ನೂ ಮನೆಯ ಹಿತ್ತಲಿನ ಸಣ್ಣ ಜಾಗ ಕೊಡಲಾರದು. ಆದರೆ ಸೊಪ್ಪು, ಹಸಿಮೆಣಸಿನಕಾಯಿ, ಟೊಮ್ಯಾಟೊ, ಬದನೆ, ಹುರುಳಿಕಾಯಿಗಳಲ್ಲಿ ಸಾಕಷ್ಟು ಭಾಗವನ್ನು ಸಂತೆಗೆ ಹೋಗದೆಯೇ ಪಡೆಯಬಹುದು. ಇದಕ್ಕೆ ತೋಟ ವರ್ಷವಿಡೀ ಖಾಲಿ ಬೀಳದಂತೆ ನೋಡಿಕೊಳ್ಳಬೇಕು.

ಅನೇಕ ಮನೆಗಳಲ್ಲಿ ಮುಂಗಾರಿನ ಆರಂಭದಲ್ಲಿ ಉತ್ಸಾಹದಿಂದ ಹಾಕಿದ ಕೈತೋಟ ಉತ್ತರೆ, ಹಸ್ತ ಮಳೆಗಳ ಹೊತ್ತಿಗೆ ಕಾಡಿನಂತಾಗಿರುತ್ತದೆ. ಬೆಂಡೆ ಆಳೆತ್ತರ ಬೆಳೆದು ತುದಿಯಲ್ಲಿ ಎರಡು ಕಾಯಿ ಹೊತ್ತಿರುತ್ತದೆ. ಟೊಮ್ಯಾಟೊ ಗಿಡ ಮುದುಡಿ ನೆಲಕ್ಕೆ ಬಿದ್ದಿರುತ್ತದೆ. ನಡುವೆ ಮೊಣಕಾಲುದ್ದ ಕಳೆ ಇರುತ್ತದೆ. ಇನ್ನೂ ಕಾಯಿ ಬಿಡುತ್ತಿದೆಯೆಂದು ಯಾರೂ ಗಿಡ ಕೀಳುವುದಿಲ್ಲ. ಮುಂದಿನ ಬೆಳೆ ಕೈಗೂಡದಿರಲು ಇದೇ ಮುಖ್ಯ ಕಾರಣ.

ಹಳೆಯ ಗಿಡವನ್ನು ಏಕೆ ಉಳಿಸಬಾರದು?

ಬೆಂಡೆಯ ಹಳದಿ ನಂಜುರೋಗ ಮತ್ತು ಟೊಮ್ಯಾಟೊದ ಎಲೆಮುಟುರು ರೋಗ ಬೇರೆ ಬೇರೆ ನಂಜುಗಳಿಂದ ಬರುತ್ತವೆ. ಬೆಂಡೆಯ ನಂಜು ಟೊಮ್ಯಾಟೊಗೆ ತಗಲುವುದಿಲ್ಲ. ಆದರೆ ಎರಡನ್ನೂ ಹರಡುವುದು ಒಂದೇ ಕೀಟ, ಬಿಳಿನೊಣ. ರೋಗದ ಗಿಡದಿಂದ ಒಮ್ಮೆ ನಂಜನ್ನು ಹೀರಿದ ನೊಣ ಬಹುಮಟ್ಟಿಗೆ ಬದುಕಿರುವವರೆಗೂ ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೆಳೆದ ಗಿಡಕ್ಕೆ ಈ ರೋಗ ತಗಲಿದರೆ ಇಳುವರಿ ಇಳಿಯುತ್ತದೆಯೇ ಹೊರತು ಪೂರ್ಣ ನಿಲ್ಲುವುದಿಲ್ಲ. ಆದುದರಿಂದಲೇ ಹಳೆಯ ಗಿಡ ರೋಗವಿದ್ದರೂ ನಾಲ್ಕು ಕಾಯಿ ಕೊಡುತ್ತಿರುತ್ತದೆ. ಆದರೆ ಅದೇ ರೋಗ ನಾಟಿಯಾದ ಕೆಲವೇ ವಾರಗಳಲ್ಲಿ ಎಳೆಯ ಸಸಿಗೆ ತಗಲಿದರೆ ಗಿಡ ಕುಳ್ಳಾಗಿ ನಿಂತು ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಹಳೆಯ ಗಿಡದ ಕೊನೆಯ ಹಿಡಿ ಕಾಯಿಗಾಗಿ ಮುಂದಿನ ಮೂರು ತಿಂಗಳ ಬೆಳೆಯನ್ನೇ ತೆತ್ತಂತಾಗುತ್ತದೆ. ವಿಶಾಲವಾದ ಹೊಲದಲ್ಲಿ ಹೊಸ ಬೆಳೆಯನ್ನು ದೂರದಲ್ಲಿ ಹಾಕಬಹುದು. ಕೈತೋಟದಲ್ಲಿ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ ಮೂರು ನಾಲ್ಕು ಅಡಿ ಮಾತ್ರ.

ಕೀಳುವುದು ಯಾವುದು, ಉಳಿಸುವುದು ಯಾವುದು?

ಎಲ್ಲವನ್ನೂ ಕೀಳುವ ಅಗತ್ಯವಿಲ್ಲ. ಟೊಮ್ಯಾಟೊ, ಬೆಂಡೆ, ಅಲಸಂದೆ, ಸೌತೆ, ಹೂ ಬಿಟ್ಟು ಬಲಿತ ಸೊಪ್ಪಿನ ಗಿಡಗಳು ಇವನ್ನು ಪೂರ್ತಿಯಾಗಿ ತೆಗೆಯಬೇಕು.

ಬದನೆ ಮತ್ತು ಮೆಣಸಿನ ಗಿಡಗಳು ರೋಗವಿಲ್ಲದೆ ಗಟ್ಟಿಯಾಗಿದ್ದರೆ ಉಳಿಸಿಕೊಳ್ಳಬಹುದು. ಬದನೆಯ ಒಣಗಿದ ಮತ್ತು ಹಳೆಯ ರೆಂಬೆಗಳನ್ನು ಸವರಿ, ಬುಡಕ್ಕೆ ಗೊಬ್ಬರ ಕೊಟ್ಟು ಮಣ್ಣೇರಿಸಿದರೆ ಹೊಸ ಚಿಗುರು ಬಂದು ಬೇಸಿಗೆಯವರೆಗೂ ಕಾಯಿ ಸಿಗುತ್ತದೆ. ಬಾಡಿ ಜೋತುಬಿದ್ದ ಕುಡಿಗಳಲ್ಲಿ ಕಾಯಿಕೊರಕ ಹುಳು ಇರುತ್ತದೆ. ಅಂತಹ ಕುಡಿಗಳನ್ನು ಕತ್ತರಿಸಿ, ತೂತಾದ ಕಾಯಿಗಳೊಡನೆ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಎಲೆ ಸಣ್ಣದಾಗಿ ಗೊಂಚಲಿನಂತಾಗಿ ಹೂ ಬಿಡದ ಬದನೆ ಗಿಡಕ್ಕೆ ಕಿರುಎಲೆ ರೋಗ ತಗಲಿರುತ್ತದೆ. ಅದು ಮತ್ತೆಂದೂ ಫಲ ಕೊಡದು. ಅದನ್ನು ಕಿತ್ತೊಗೆಯಬೇಕು.

ತೊಂಡೆ, ಬಸಳೆ, ಕರಿಬೇವು ಮತ್ತು ನುಗ್ಗೆ ಬಹುವಾರ್ಷಿಕ ಬೆಳೆಗಳು. ಇವುಗಳಲ್ಲಿ ಒಣಗಿದ ಹಾಗೂ ಮುದಿ ಬಳ್ಳಿ, ರೆಂಬೆಗಳನ್ನು ಸವರಿದರೆ ಸಾಕು.

ಬೀಜಕ್ಕೆ ಬಿಟ್ಟ ಗಿಡಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಕೊನೆಗೆ ಉಳಿದ ಕಾಯಿಯನ್ನು ಬೀಜಕ್ಕೆ ಬಿಡುವುದು ಸರಿಯಲ್ಲ. ರೋಗವಿಲ್ಲದ ಒಳ್ಳೆಯ ಗಿಡದ ಮೊದಮೊದಲ ಕಾಯಿಗಳನ್ನೇ ಗುರುತು ಕಟ್ಟಿ ಬಲಿಯಲು ಬಿಡಬೇಕು. ಅಲಸಂದೆಯ ಮೊಸಾಯಿಕ್ ನಂಜು ಬೀಜದ ಮೂಲಕವೂ ಮುಂದಿನ ಬೆಳೆಗೆ ಬರುವುದರಿಂದ ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಇರುವ ಗಿಡದ ಬೀಜ ಇಡಬಾರದು. ಸಂಕರಣ ತಳಿಗಳ ಬೀಜವನ್ನು ಉಳಿಸಿ ಬಿತ್ತಿದರೆ ತಾಯಿ ಗಿಡದ ಗುಣ ಬರುವುದಿಲ್ಲ.

ಕೀಳುವ ಕ್ರಮ

ಕೀಳುವ ಹಿಂದಿನ ಸಂಜೆ ಹಳೆಯ ಗಿಡಗಳಿಗೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಿಂಪಡಿಸುವುದು ಒಳ್ಳೆಯದು. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಶೋಧಿಸಿ, ಸ್ವಲ್ಪ ಸಾಬೂನಿನ ನೀರು ಬೆರೆಸಿದರೆ ಕಷಾಯ ಸಿದ್ಧವಾಗುತ್ತದೆ. ಮರುದಿನ ಬೆಳಗಿನ ತಂಪಿನಲ್ಲಿ, ಬಿಳಿನೊಣ ಚುರುಕಾಗಿ ಹಾರಾಡುವ ಮೊದಲೇ ಗಿಡಗಳನ್ನು ಬೇರು ಸಹಿತ ಕಿತ್ತು ಗೋಣಿಚೀಲಕ್ಕೆ ತುಂಬಬೇಕು. ಕಿತ್ತ ಗಿಡವನ್ನು ಬೇಲಿಯ ಮೇಲೆ ಎಸೆದರೆ ಕಿತ್ತ ಪ್ರಯೋಜನವೇ ಇಲ್ಲ.

ಕಿತ್ತ ಪ್ರತಿ ಗಿಡದ ಬೇರನ್ನೂ ನೋಡಬೇಕು. ಮುಂದೆ ಆ ಮಡಿಯಲ್ಲಿ ಏನು ಬೆಳೆಯಬಹುದೆಂಬುದು ಬೇರಿನಿಂದ ತಿಳಿಯುತ್ತದೆ.

1. ಬೇರಿನಲ್ಲಿ ಗಂಟುಗಂಟಾದ ಊತಗಳಿದ್ದರೆ ಮಣ್ಣಿನಲ್ಲಿ ಬೇರುಗಂಟು ಜಂತುಹುಳು ಇದೆ. ದ್ವಿದಳ ಬೆಳೆಗಳ ಬೇರಿನ ಗಂಟಿಗೂ ಇದಕ್ಕೂ ವ್ಯತ್ಯಾಸವಿದೆ. ಅಲಸಂದೆ, ಹುರುಳಿಕಾಯಿಯ ಸಹಜ ಗಂಟು ಬೇರಿಗೆ ಅಂಟಿಕೊಂಡಿದ್ದು ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಜಂತುಹುಳುವಿನ ಗಂಟು ಬೇರೇ ಊದಿಕೊಂಡದ್ದು, ಅದು ಉದುರುವುದಿಲ್ಲ.

2. ಎಲೆ ಹಸಿರಾಗಿದ್ದಂತೆಯೇ ಟೊಮ್ಯಾಟೊ ಅಥವಾ ಬದನೆ ಗಿಡ ಇದ್ದಕ್ಕಿದ್ದಂತೆ ಸೊರಗಿದ್ದರೆ ಬುಡದ ಕಾಂಡದ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಬೇಕು. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂತಹ ಎಳೆಗಳು ಇಳಿದರೆ ಅದು ದುಂಡಾಣು ಸೊರಗುರೋಗ. ಆ ಮಡಿಗೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬಾರದು.

3. ಬೇರು ಬಿಳಿಯಾಗಿ ಶುದ್ಧವಾಗಿದ್ದರೆ ಆ ಮಡಿ ಯಾವ ಬೆಳೆಗೂ ಯೋಗ್ಯ.

ಆರೋಗ್ಯವಂತ ಗಿಡ, ಬೀಜ ಕಟ್ಟದ ಕಳೆ ಮತ್ತು ತರಗನ್ನು ಸಣ್ಣದಾಗಿ ಕತ್ತರಿಸಿ, ಸಗಣಿ ಬಗ್ಗಡದೊಡನೆ ಪದರ ಪದರವಾಗಿ ಕಾಂಪೋಸ್ಟ್ ಗುಂಡಿಗೆ ಹಾಕಬೇಕು. ಗಂಟುಬೇರು, ಸೊರಗುರೋಗದ ಗಿಡ ಮತ್ತು ಬೀಜ ಕಟ್ಟಿದ ಪಾರ್ಥೇನಿಯಂ ಕಳೆಯನ್ನು ಗುಂಡಿಗೆ ಹಾಕಬಾರದು. ಮನೆಯ ಗುಂಡಿಗಳಲ್ಲಿ ಎಲ್ಲ ಕಡೆಯೂ ಸಾಕಷ್ಟು ಕಾವು ಏರುವುದಿಲ್ಲ. ಹೀಗಾಗಿ ರೋಗ ಗೊಬ್ಬರದ ಮೂಲಕ ತೋಟಕ್ಕೇ ಹಿಂತಿರುಗುತ್ತದೆ. ಇಂತಹವನ್ನು ಒಣಗಿಸಿ ಸುಡಬೇಕು.

ಮಡಿಗಳ ಸಿದ್ಧತೆ

ಉದಾಹರಣೆಗೆ 20 ಅಡಿ ಅಗಲ, 15 ಅಡಿ ಉದ್ದದ ಜಾಗವನ್ನು ತೆಗೆದುಕೊಳ್ಳಬಹುದು. ಇದು ಗುಂಟೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇದರಲ್ಲಿ 3 ಅಡಿ ಅಗಲ, 14 ಅಡಿ ಉದ್ದದ ಐದು ಏರುಮಡಿಗಳನ್ನು ಮಾಡಿ, ನಡುವೆ ಒಂದೊಂದು ಅಡಿಯ ಕಾಲುದಾರಿ ಬಿಡಬೇಕು. ಮೂರು ಅಡಿಯ ಮಡಿಯಲ್ಲಿ ಎರಡೂ ಬದಿಯಿಂದ ಕೈ ನಿಲುಕುವುದರಿಂದ ಮಡಿಯನ್ನು ತುಳಿಯುವ ಪ್ರಮೇಯ ಬರುವುದಿಲ್ಲ. ಉಳಿದ ಒಂದಡಿಯ ಬೇಲಿಯಂಚಿಗೆ ಹೀರೆ, ಹಾಗಲ ಬಳ್ಳಿ ಹಬ್ಬಿಸಬಹುದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ನುಗ್ಗೆ, ಕರಿಬೇವು, ಚಪ್ಪರದ ಬಳ್ಳಿಗಳು ಉತ್ತರದ ಅಂಚಿನಲ್ಲಿದ್ದರೆ ಮಡಿಗಳಿಗೆ ಬಿಸಿಲು ತಪ್ಪದು.

ಮಣ್ಣನ್ನು ಒಂದಡಿ ಆಳಕ್ಕೆ ಅಗೆದು, ಹೆಂಟೆ ಒಡೆದು, ಹತ್ತು ಹನ್ನೆರಡು ದಿನ ಬಿಸಿಲಿಗೆ ಬಿಡಬೇಕು. ಪ್ರತಿ ಮಡಿಗೆ 10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಗಂಟುಬೇರು ಕಂಡ ಮಡಿಗೆ ನಾಟಿಗೆ ಎರಡು ವಾರ ಮೊದಲು 400 ಗ್ರಾಂ ಬೇವಿನ ಹಿಂಡಿಯನ್ನೂ ಸೇರಿಸಬೇಕು. ಗಂಟು ಹೆಚ್ಚಾಗಿದ್ದರೆ ಆ ಮಡಿಯಲ್ಲಿ ಒಂದು ಹಂಗಾಮು ಚೆಂಡು ಹೂ ಒತ್ತಾಗಿ ಬೆಳೆಯುವುದು ಉತ್ತಮ. ಅದರ ಬೇರು ಜಂತುಹುಳುವಿನ ಸಂಖ್ಯೆಯನ್ನು ತಗ್ಗಿಸುತ್ತದೆ. ಹೂವೂ ಬಳಕೆಗೆ ಬರುತ್ತದೆ. ರಾಸಾಯನಿಕ ಗೊಬ್ಬರ ಬಳಸುವವರು ನಾಟಿ ಸಮಯದಲ್ಲಿ ಮಡಿಗೆ 200 ಗ್ರಾಂ 17:17:17 ಮಿಶ್ರಣವನ್ನು, ಮೂರು ನಾಲ್ಕು ವಾರಗಳ ಬಳಿಕ 40 ಗ್ರಾಂ ಯೂರಿಯಾವನ್ನು ಕೊಡಬಹುದು. ಬೇರುಗಂಟುಗಳಿಂದ ಸಾರಜನಕ ಪಡೆಯುವ ಅಲಸಂದೆ, ಅವರೆಗೆ ಯೂರಿಯಾ ಮೇಲುಗೊಬ್ಬರ ಬೇಕಿಲ್ಲ.

ಸಸಿ ಮೊದಲು, ಕೀಳುವುದು ನಂತರ

ಗಿಡ ಕಿತ್ತ ಮೇಲೆ ಬೀಜ ಹುಡುಕಲು ಹೊರಟರೆ ತೋಟ ಒಂದು ತಿಂಗಳು ಖಾಲಿ ಬೀಳುತ್ತದೆ. ಟೊಮ್ಯಾಟೊ, ಎಲೆಕೋಸು, ನವಿಲುಕೋಸುಗಳ ಸಸಿ ನಾಟಿಗೆ ಬರಲು 25ರಿಂದ 30 ದಿನ ಬೇಕು. ಆದುದರಿಂದ ಸೆಪ್ಟೆಂಬರ್ ಎರಡನೆಯ ವಾರ ಸಸಿಮಡಿಗೆ ಬೀಜ ಹಾಕಿ, ತಿಂಗಳ ಕೊನೆಗೆ ಹಳೆಯ ಗಿಡ ಕಿತ್ತು, ಅಕ್ಟೋಬರ್ ಎರಡನೆಯ ವಾರ ನಾಟಿ ಮಾಡುವುದು ಸೂಕ್ತ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಯ ರಭಸ ತಗ್ಗುವುದನ್ನು ನೋಡಿ ಎರಡು ಮೂರು ವಾರ ತಡಮಾಡಬೇಕು.

ಸಸಿಮಡಿ ಅರ್ಧ ಅಡಿ ಎತ್ತರವಿದ್ದು ನೀರು ನಿಲ್ಲದಂತಿರಬೇಕು. ಬೀಜಕ್ಕೆ ಟ್ರೈಕೊಡರ್ಮಾ ಲೇಪಿಸಿ ಬಿತ್ತಿದರೆ ಸಸಿ ಕೊಳೆರೋಗ ಕಡಿಮೆಯಾಗುತ್ತದೆ. ಟೊಮ್ಯಾಟೊ ಸಸಿಮಡಿಯ ಮೇಲೆ ಬಿದಿರುದಬ್ಬೆ ಬಾಗಿಸಿ 40 ಮೆಶ್‌ನ ನೈಲಾನ್ ಪರದೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಬೇಕು. ಹಳೆಯ ಗಿಡಗಳು ಇನ್ನೂ ಇರುವ ಈ ದಿನಗಳಲ್ಲಿ ಬಿಳಿನೊಣವನ್ನು ದೂರವಿಡಲು ಪರದೆ ಅತ್ಯಗತ್ಯ.

ಯಾವ ಮಡಿಗೆ ಯಾವ ಬೆಳೆ?

ಒಂದೇ ಕುಟುಂಬದ ಬೆಳೆ ಒಂದೇ ಮಡಿಗೆ ಮರಳಿ ಬರಬಾರದು. ಐದು ಮಡಿಗಳ ಬದಲಾವಣೆ ಹೀಗಿರಬಹುದು.

ಮೊದಲ ಮಡಿ: ಟೊಮ್ಯಾಟೊ ಇದ್ದಲ್ಲಿ ಹುರುಳಿಕಾಯಿ. ಒಂದೂವರೆ ಅಡಿ ಅಂತರದ ಎರಡು ಸಾಲುಗಳಲ್ಲಿ ಅರ್ಧ ಅಡಿಗೊಂದು ಬೀಜ ಊರಬೇಕು. ಹೆಸರಘಟ್ಟದ ಅರ್ಕಾ ಕೋಮಲ್ ಆಸರೆ ಬೇಡದ ಪೊದೆ ತಳಿ. ಇದರ ಬದಲು ಅವರೆ ಹಾಕುವುದಾದರೆ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದವನ್ನು ಅವಲಂಬಿಸದೆ ಯಾವ ಕಾಲದಲ್ಲಿಯೂ ಹೂ ಬಿಡುತ್ತವೆ.

ಎರಡನೆಯ ಮಡಿ: ಬೆಂಡೆ ಇದ್ದಲ್ಲಿ, ಬೇರು ಶುದ್ಧವಾಗಿದ್ದರೆ ಟೊಮ್ಯಾಟೊ. ಎರಡು ಅಡಿ ಅಂತರದ ಎರಡು ಸಾಲು, ಒಂದೂವರೆ ಅಡಿಗೊಂದು ಸಸಿಯಂತೆ 18 ಗಿಡಗಳಾಗುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ ಮತ್ತು ವೈಭವ ತಳಿಗಳು ಎಲೆಮುಟುರು ರೋಗವನ್ನು ತಡೆಯಬಲ್ಲವು. ಗಿಡಗಳಿಗೆ ಕೋಲಿನ ಆಸರೆ ಕೊಡಬೇಕು.

ಮೂರನೆಯ ಮಡಿ: ಅಲಸಂದೆ ಇದ್ದಲ್ಲಿ ಅರ್ಧಕ್ಕೆ ಎಲೆಕೋಸು, ಅರ್ಧಕ್ಕೆ ನವಿಲುಕೋಸು. ಅಲಸಂದೆಯ ಬೇರು ಮಣ್ಣಿನಲ್ಲಿ ಉಳಿದರೆ ಅದರ ಸಾರಜನಕ ಕೋಸಿಗೆ ಒದಗುತ್ತದೆ. ಆದುದರಿಂದ ಇಲ್ಲಿ ಒಂದೆರಡು ಬೇರು ಕಿತ್ತು ನೋಡಿ, ಊತವಿಲ್ಲದಿದ್ದರೆ ಉಳಿದ ಗಿಡಗಳನ್ನು ಬುಡಕ್ಕೆ ಕೊಯ್ದರೆ ಸಾಕು.

ನಾಲ್ಕನೆಯ ಮಡಿ: ಸೊಪ್ಪು ಇದ್ದಲ್ಲಿ ಗಜ್ಜರಿ, ಬೀಟ್‌ರೂಟ್ ಮತ್ತು ಈರುಳ್ಳಿ.

ಐದನೆಯ ಮಡಿ: ಬದನೆ, ಮೆಣಸಿನಕಾಯಿ ಮುಂದುವರಿಕೆ. ಬೇಸಿಗೆಯಲ್ಲಿ ಇವನ್ನು ಕಿತ್ತಾಗ ಈ ಮಡಿಗೆ ಬೆಂಡೆ ಅಥವಾ ಸೊಪ್ಪು ಹಾಕಬೇಕು.

ಮೂಲಂಗಿ, ದಂಟು, ಮೆಂತ್ಯ, ಪಾಲಕ್ ಸೊಪ್ಪುಗಳಿಗೆ ಪ್ರತ್ಯೇಕ ಮಡಿ ಬೇಕಿಲ್ಲ. ಟೊಮ್ಯಾಟೊ ಹರಡಿಕೊಳ್ಳುವ ಮುನ್ನ ಸಾಲುಗಳ ನಡುವೆ ಮೆಂತ್ಯ ಅಥವಾ ದಂಟು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಎಲೆಕೋಸಿನ ಅಂಚಿನಲ್ಲಿ ಮೂಲಂಗಿ 40ರಿಂದ 45 ದಿನಗಳಲ್ಲಿ ಸಿಗುತ್ತದೆ. ಎಲ್ಲ ಬೀಜವನ್ನೂ ಒಂದೇ ದಿನ ಹಾಕಿದರೆ ಒಂದು ವಾರ ತಿನ್ನಲಾರದಷ್ಟು, ಮರುವಾರ ಏನೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಸೊಪ್ಪು, ಮೂಲಂಗಿಗಳನ್ನು ಹದಿನೈದು ದಿನಗಳಿಗೊಮ್ಮೆ ಎರಡೆರಡು ಸಾಲು, ಹುರುಳಿಕಾಯಿಯನ್ನು ಮೂರು ವಾರಗಳ ಅಂತರದಲ್ಲಿ ಅರ್ಧರ್ಧ ಮಡಿ ಬಿತ್ತಬೇಕು.

ಔಷಧಿ ಬಳಕೆಯಲ್ಲಿ ಎಚ್ಚರಿಕೆ

ಹೊಲದ ಹತ್ತಿಗೋ ಭತ್ತಕ್ಕೋ ತಂದು ಉಳಿದ ಕೀಟನಾಶಕವನ್ನು ಕೈತೋಟಕ್ಕೆ ಹೊಡೆಯುವ ರೂಢಿ ಕೆಲವೆಡೆ ಇದೆ. ಇದು ಅತ್ಯಂತ ಅಪಾಯಕಾರಿ. ಕೈತೋಟದ ಸೊಪ್ಪು ಬೆಳಗ್ಗೆ ಕೊಯ್ದು ಮಧ್ಯಾಹ್ನ ಮಕ್ಕಳ ತಟ್ಟೆಗೆ ಬರುತ್ತದೆ. ಮಾನೊಕ್ರೋಟೊಫಾಸ್ ಅನ್ನು ತರಕಾರಿಗಳ ಮೇಲೆ ಬಳಸುವುದು 2005ರಿಂದಲೇ ನಿಷಿದ್ಧವಾಗಿದೆ. ಕೈತೋಟಕ್ಕೆ ಬೇವಿನ ಕಷಾಯ, ಹಳದಿ ಅಂಟುಬಲೆ ಮತ್ತು ಹುಳುಗಳನ್ನು ಕೈಯಿಂದ ಆರಿಸುವುದು ಸಾಕಾಗುತ್ತದೆ. ನಾಟಿಯಾದ ಮೊದಲ ಆರು ವಾರ ದಿನವೂ ಮಡಿಗಳನ್ನು ನೋಡಿ, ಎಲೆ ಮುದುಡಿದ ಒಂದೊಂದೇ ಸಸಿಯನ್ನು ಅಂದೇ ಕಿತ್ತು ತೆಗೆಯಬೇಕು.

ಬಿಳಿನೊಣಕ್ಕೆ ಬೇಲಿಯ ತಡೆಯಿಲ್ಲ. ಒಂದು ಮನೆಯವರು ತೋಟ ಹಸನು ಮಾಡಿ, ಪಕ್ಕದ ಮನೆಯಲ್ಲಿ ರೋಗದ ಗಿಡಗಳು ನಿಂತಿದ್ದರೆ ಶ್ರಮಕ್ಕೆ ಅರ್ಧ ಫಲ ಮಾತ್ರ. ಒಂದು ಕೇರಿಯ ಮನೆಗಳವರು ಮಾತಾಡಿಕೊಂಡು ಒಂದೇ ವಾರದಲ್ಲಿ ಹಳೆಯ ಗಿಡಗಳನ್ನು ತೆಗೆದರೆ ಎಲ್ಲರ ಸಸಿಗಳೂ ಉಳಿಯುತ್ತವೆ. ವಿಸ್ತರಣಾ ಕಾರ್ಯಕರ್ತರು ಸೆಪ್ಟೆಂಬರ್ ತಿಂಗಳಿನಲ್ಲಿ ಸ್ತ್ರೀಶಕ್ತಿ ಸಂಘಗಳ ಹಾಗೂ ಶಾಲೆಗಳ ಮೂಲಕ ಇದನ್ನು ಏರ್ಪಡಿಸಬಹುದು. ಬೇರು ನೋಡುವುದನ್ನು ಮತ್ತು ಲೋಟದ ನೀರಿನ ಪರೀಕ್ಷೆಯನ್ನು ಒಮ್ಮೆ ಮಾಡಿ ತೋರಿಸಿದರೆ ಯಾರು ಬೇಕಾದರೂ ಮಾಡಬಲ್ಲರು. ಹೀಗೆ ಸಕಾಲದಲ್ಲಿ ಕಿತ್ತು, ನೋಡಿ, ಬದಲಿಸಿ ನೆಟ್ಟ ಕೈತೋಟದಿಂದ ಹಿಂಗಾರಿನುದ್ದಕ್ಕೂ ಅಡಿಗೆಮನೆಗೆ ತಾಜಾ ತರಕಾರಿ ದೊರೆಯುತ್ತದೆ.