ಕ್ರೇಜಿ ಎನ್ನಲಾಗದ ಕೌದಿ

‘ಕ್ರೇಜಿ’ ಎಂಬ ಇಂಗ್ಲಿಷ್ ವಿಶೇಷಣ ಕನ್ನಡದ ಬಾಯಿಗೆ ಚೆನ್ನಾಗಿ ಒಗ್ಗಿಹೋಗಿದೆ. ರವಿಚಂದ್ರನ್ ನಮಗೆ ಕ್ರೇಜಿ ಸ್ಟಾರ್. ತಲೆಕೆಟ್ಟವನೂ ಕ್ರೇಜಿ, ಯಾವುದನ್ನಾದರೂ ಅತಿಯಾಗಿ ಹಚ್ಚಿಕೊಂಡವನೂ ಕ್ರೇಜಿ. ಆದರೆ ಇದರ ಬೇರಿನಲ್ಲಿರುವುದು ಹುಚ್ಚಲ್ಲ, ಬಿರುಕು. ಪಿಂಗಾಣಿಯ ಹೊಳಪಿನಲ್ಲಿ ಬಲೆಯಂತೆ ಹಬ್ಬುವ ಸಣ್ಣ ಸೀಳುಗಳಿಗೆ ಇಂಗ್ಲಿಷಿನವರು ಇಂದಿಗೂ ಅದೇ ಬೇರಿನ ಮಾತು ಬಳಸುತ್ತಾರೆ. 1880ರ ದಶಕದಲ್ಲಿ ಅಮೆರಿಕದ ಹೆಂಗಸರು ರೇಷ್ಮೆ, ಮಖಮಲ್ಲಿನ ಅಂಕುಡೊಂಕು ತುಂಡುಗಳನ್ನು ಜೋಡಿಸಿದ ಹೊದಿಕೆಗೆ ‘ಕ್ರೇಜಿ ಕ್ವಿಲ್ಟ್’ ಎಂಬ ಹೆಸರು ಬಿತ್ತು.

ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ಕಂಡ ಹೊರಗಿನವರ ಬಾಯಲ್ಲಿ ಬರುವುದೂ ಇದೇ ಮಾತು. ಕೆಂಪಿನ ಪಕ್ಕ ಹಸಿರು, ಹೂವಿನ ಸೀರೆಗೆ ತಾಗಿದಂತೆ ಚೌಕಳಿ ಲುಂಗಿ. ನನಗೆ ಮಾತ್ರ ಈ ವಿಶೇಷಣ ಒಪ್ಪಿಗೆಯಿಲ್ಲ. ಹೊಲಿಯುವ ಕ್ರಮ ನೋಡಿದರೆ ಯಾಕೆಂದು ತಿಳಿಯುತ್ತದೆ.

ಮೊದಲು ನೆಲಕ್ಕೆ ಹಳೆಯ ಸೀರೆ ಹಾಸುತ್ತಾರೆ, ಅದೇ ಬೆನ್ನು. ಕೆಲಸ ಶುರುವಾಗುವುದು ನಡುವಿನಿಂದಲ್ಲ, ಒಂದು ಮೂಲೆಯಿಂದ. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಬೆನ್ನಿನ ಬಟ್ಟೆಯ ಸಮೇತ ಸೂಜಿ ತೂರಿಸಿ, ಸಣ್ಣ ನೇರ ಹೊಲಿಗೆ ಹಾಕುತ್ತಾ ಅಂಚಿನುದ್ದಕ್ಕೂ ಸಾಗುತ್ತಾರೆ. ಒಂದು ಸುತ್ತು ಮುಗಿದರೆ ಅದರೊಳಗೆ ಇನ್ನೊಂದು. ಹೊಲಿಗೆಯ ಸಾಲುಗಳು ಒಳಗೊಳಗೆ ಕಿರಿದಾಗುತ್ತಾ ಹೋಗಿ ಕೊನೆಗೆ ನಡುವನ್ನು ಸೇರುತ್ತವೆ. ಎಲ್ಲ ಪದರಗಳನ್ನೂ ಹಿಡಿದಿಡುವುದು ಈ ಸಾಲುಗಳೇ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಆಗಷ್ಟೇ ಹೊಲಿದ ತುಂಡಿನ ಬಣ್ಣ, ಅಳತೆ ನೋಡಿ ಮುಂದಿನದನ್ನು ಆರಿಸಬೇಕು. ಕಣ್ಣಿಗೆ ಎಷ್ಟು ಪಳಗಿದ ಲೆಕ್ಕವಿರಬೇಕು! ಇಲ್ಲವಾದರೆ ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ.

ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಪದರಪದರವಾಗಿ ಮುಕ್ಕೋನಕ್ಕೆ ಮಡಚಿ ಹೊಲಿಯುವುದುಂಟು. ಅದು ‘ಫೂಲ’, ಅಂದರೆ ಹೂವು. ಚಳಿಗೆ ಅದರಿಂದ ಯಾವ ಉಪಕಾರವೂ ಇಲ್ಲ. ಆದರೂ ಫೂಲವಿಲ್ಲದ ಕೌದಿ ಬೆತ್ತಲೆ ಎಂದೇ ಅವರ ಎಣಿಕೆ. ಈ ಹಟ ನನಗೆ ಬಹಳ ಇಷ್ಟ. ಹರಿದ ಅಂಗಿ, ಸವೆದ ಸೀರೆಯಿಂದ ಹೊಲಿದದ್ದಕ್ಕೂ ಅಲಂಕಾರ ಬೇಕೇ ಬೇಕು ಎನ್ನುವ ಮನಸ್ಸು ಅದು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕೌದಿಗಳ ಮೇಲೆ ಶಿಲುಬೆಯೋ ಅರ್ಧಚಂದ್ರವೋ ಕಾಣುತ್ತದೆ. ಹೊಲಿಗೆಯ ರೀತಿ ಮಾತ್ರ ಎಲ್ಲರದೂ ಒಂದೇ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ತೋರಿಸಿದರು. ಹೀಗೆ ಕೆಲವು ಕೌದಿಗಳು ಪ್ರದರ್ಶನದ ಗೋಡೆ ಏರಿದವು. ಊರಿನಲ್ಲಿ ಅವು ಇಂದಿಗೂ ಹಾಸಲಿಕ್ಕೆ, ಹೊದೆಯಲಿಕ್ಕೆ. ತೊಟ್ಟಿಲ ಕೂಸಿಗೆ ಪುಟ್ಟದು, ಮನೆಮಂದಿ ಒಟ್ಟಿಗೆ ಮಲಗುವಲ್ಲಿ ದೊಡ್ಡದು. ಸವೆದರೆ ಸವೆದ ಜಾಗಕ್ಕೆ ಇನ್ನೊಂದು ತುಂಡು ಬೀಳುತ್ತದೆ.